ಶರಾವತಿ ಸೀಮೆಯ ಸಿನಿಮಾ: ನಿಮಗಿದು ಗೊತ್ತೇ?

ತಾಳಗುಪ್ಪಕ್ಕೆ ಬಂದು ರೈಲು ಹಳಿ ಮುಗಿಯುತ್ತದೆ. ಮುಂದೆ ಹೋಗುವವರು ಬಸ್ಸು ಹತ್ತಬೇಕು: ಜೋಗ, ಗೇರುಸೊಪ್ಪೆ ಘಟ್ಟ, ಆಮೇಲೆ ಹೊನ್ನಾವರ. ಇಂಥ ಊರಿನಲ್ಲಿ ಕೂತು ಸಿನಿಮಾದ ಹುಚ್ಚು ಹತ್ತಿಸಿಕೊಂಡವರಿಗೆ ಸ್ಟುಡಿಯೊಗಳ ಮದರಾಸೂ ದೂರ, ಗಾಂಧಿನಗರವೂ ದೂರ. ಆದರೂ ನನಗೆ ತೀರಾ ಇಷ್ಟವಾದ ಚಿತ್ರ, ಹಾಡುಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತ ಹೋದರೆ ಅರ್ಧಕ್ಕರ್ಧ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಂಟಿನವೇ ಆಗಿರುತ್ತವೆ. ಕನ್ನಡ ತೆರೆಗೆ ಈ ಸೀಮೆ ಕೊಟ್ಟಿದ್ದು ಕತೆ, ದನಿ ಮತ್ತು ನೋಡುವ ಕಣ್ಣು. ಒಂದೊಂದಾಗಿ ಹೇಳುತ್ತೇನೆ.

● ದೇಶದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಬಂದಿರುವುದು ಆರು ಸಲ: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’. ಮೊದಲನೆಯದರ ಮತ್ತು ಮೂರನೆಯದರ ಕತೆ ಯು.ಆರ್. ಅನಂತಮೂರ್ತಿಯವರದು, ಅವರು ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ‘ತಬರನ ಕಥೆ’ ಕುಪ್ಪಳ್ಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರದು. ‘ದ್ವೀಪ’ ಸಾಗರದ ನಾ. ಡಿಸೋಜರದು. ‘ತಾಯಿಸಾಹೇಬ’ ರಂ.ಶಾ. ಲೋಕಾಪುರ ಅವರ ಬಯಲುಸೀಮೆಯ ಕಾದಂಬರಿ, ಆದರೆ ಅದನ್ನು ನಿರ್ದೇಶಿಸಿದ ಗಿರೀಶ ಕಾಸರವಳ್ಳಿ ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಕರಾವಳಿಯ ‘ಚೋಮನ ದುಡಿ’ ಒಂದನ್ನು ಬಿಟ್ಟರೆ ಉಳಿದ ಐದಕ್ಕೂ ನಮ್ಮ ಕಡೆಯ ಮಳೆಯ ವಾಸನೆ ಇದೆ. ಈ ಲೆಕ್ಕವನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು.

● 1970ರ ‘ಸಂಸ್ಕಾರ’ಕ್ಕೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥ. ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿದ್ದ ಚಿತ್ರಕ್ಕೇ ಆಮೇಲೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು.

● ‘ಘಟಶ್ರಾದ್ಧ’ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಔಷಧ ಶಾಸ್ತ್ರ ಓದಿ ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು, ಅಲ್ಲಿಂದ ಹೊರಬಿದ್ದ ಎರಡೇ ವರ್ಷಕ್ಕೆ, 1977ರಲ್ಲಿ, ಇದನ್ನು ಮಾಡಿದರು. ಕಪ್ಪು ಬಿಳುಪು ಚಿತ್ರ, ಕುಣಿತವಿಲ್ಲ, ಯುಗಳಗೀತೆಯಿಲ್ಲ. ಆದರೂ ಆ ವರ್ಷದ ಅತ್ಯುತ್ತಮ ಸಂಗೀತದ ರಾಷ್ಟ್ರಪ್ರಶಸ್ತಿ ಬಂದಿದ್ದು ಇದಕ್ಕೇ! ಸಂಗೀತ ಬಿ.ವಿ. ಕಾರಂತರದು. ಹಿಂದಿನ ವರ್ಷ ‘ಋಷ್ಯಶೃಂಗ’ಕ್ಕೂ ಅವರೇ ಆ ಪ್ರಶಸ್ತಿ ಪಡೆದಿದ್ದರು. ಹಾಡಿದ್ದರೆ ಮಾತ್ರ ಚಿತ್ರಸಂಗೀತ ಎಂದುಕೊಂಡವರು ಇದನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಬೇಕು. ವೇದಪಾಠಶಾಲೆಯ ಮಕ್ಕಳ ಕಂಠ, ಕಾಡಿನ ಸದ್ದು, ದೂರದ ಚರ್ಮವಾದ್ಯ, ಅದರ ನಡುವೆ ದನಿಯೇ ಇಲ್ಲದ ವಿಧವೆ ಯಮುನಕ್ಕ. ಪುಟ್ಟ ನಾಣಿಯ ಪಾತ್ರ ಮಾಡಿದ ಅಜಿತ್ ಕುಮಾರ್‌ಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ ಬಂತು. ಇಡೀ ಅಗ್ರಹಾರ ಯಮುನಕ್ಕನ ಬೆನ್ನಿಗೆ ಬಿದ್ದಾಗ ಅವಳ ಪರವಾಗಿ ನಿಲ್ಲುವವನು ನಾಣಿಯೊಬ್ಬನೇ. ದೊಡ್ಡವರ ಕ್ರೌರ್ಯವನ್ನು ಮಗುವಿನ ಕಣ್ಣಿನ ಎತ್ತರದಿಂದ ತೋರಿಸಿದ ಚಿತ್ರಗಳಲ್ಲಿ ಇದರ ಸಮಕ್ಕೆ ಬರುವುದು ನನಗಂತೂ ಇನ್ನೊಂದು ಸಿಕ್ಕಿಲ್ಲ.

● ಇದೇ ಕತೆ 1991ರಲ್ಲಿ ಹಿಂದಿಯಲ್ಲಿ ‘ದೀಕ್ಷಾ’ ಆಯಿತು. ನಿರ್ದೇಶನ ಅರುಣ್ ಕೌಲ್, ನಾನಾ ಪಾಟೇಕರ್ ನಟಿಸಿದ್ದರು. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು.

● 2024ರಲ್ಲಿ ‘ಘಟಶ್ರಾದ್ಧ’ ಹೊಸ ಮೈ ಪಡೆದು ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಇದಕ್ಕೆ ಕೈಜೋಡಿಸಿದವರು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಮತ್ತು ‘ಸ್ಟಾರ್ ವಾರ್ಸ್’ ಖ್ಯಾತಿಯ ಜಾರ್ಜ್ ಲೂಕಾಸರ ಕುಟುಂಬದ ಪ್ರತಿಷ್ಠಾನ. ಮಲೆನಾಡಿನ ಅಗ್ರಹಾರದ ಕತೆಯನ್ನು ಉಳಿಸಲು ಹಾಲಿವುಡ್ ದುಡ್ಡು ಹಾಕಿತು.

● ಕಾಸರವಳ್ಳಿಯವರ ಸೋದರಮಾವ ಯಾರು ಗೊತ್ತೇ? ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. 1949ರಲ್ಲಿ ಹುಟ್ಟಿದ ನೀನಾಸಂ ಎಂದರೆ ಎಲ್ಲರಿಗೂ ನೆನಪಾಗುವುದು ನಾಟಕ. ಆದರೆ 1973ರಲ್ಲಿ ಅಲ್ಲಿ ಒಂದು ಚಿತ್ರಸಮಾಜವೂ ಶುರುವಾಯಿತು. ಸಾಗರದಿಂದ ಕೂಗಳತೆಯಲ್ಲಿರುವ ಆ ಹಳ್ಳಿಯಲ್ಲಿ, ಶಿವರಾಮ ಕಾರಂತರ ಹೆಸರಿನ ರಂಗಮಂದಿರದಲ್ಲಿ, ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಕುರೊಸಾವಾರ ‘ರಾಶೊಮೊನ್’, ಡಿ ಸಿಕಾರ ‘ಬೈಸಿಕಲ್ ಥೀವ್ಸ್’, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ನೋಡಿದರು. ನೋಡಿ ಎದ್ದು ಹೋಗಲಿಲ್ಲ, ಕೂತು ಚರ್ಚೆ ಮಾಡಿದರು. ಪುಣೆಯಿಂದ ಸತೀಶ್ ಬಹಾದ್ದೂರ್ ಬಂದು ಚಿತ್ರ ನೋಡುವುದು ಹೇಗೆಂದು ಪಾಠ ಹೇಳಿದರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಟ್ಟಿದ ಪಿ.ಕೆ. ನಾಯರ್ ಅಲ್ಲಿನ ಪ್ರಿಂಟುಗಳನ್ನು ಹೆಗ್ಗೋಡಿಗೆ ತಲುಪಿಸಿದರು.

ಇದರ ಸಾಕ್ಷಿ ಇವತ್ತೂ ನೋಡಲು ಸಿಗುತ್ತದೆ. ನಾಯರ್ ಬಗ್ಗೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಹೆಗ್ಗೋಡಿನ ಕೃಷಿಕರು ತಾವು ಕಂಡ ಜಪಾನಿ, ಇಟಾಲಿಯನ್ ಚಿತ್ರಗಳ ಬಗ್ಗೆ ಮಾತನಾಡುತ್ತಾರೆ. ಹಳ್ಳಿಯವರಿಗೆ ಇಂಥ ಸಿನಿಮಾ ರುಚಿಸುವುದಿಲ್ಲ ಎನ್ನುವವರು ಆ ಮುಖಗಳನ್ನು ನೋಡಬೇಕು. ಡುಂಗರ್‌ಪುರ್ ಮುಂದೆ, 2014ರಲ್ಲಿ, ಸ್ಥಾಪಿಸಿದ್ದೇ ಮೇಲೆ ಹೇಳಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್. ಮಾವನ ಹಳ್ಳಿಗೆ ಬಂದು ಪ್ರೇಕ್ಷಕರನ್ನು ಚಿತ್ರಿಸಿಕೊಂಡು ಹೋದವರೇ ಅಳಿಯನ ಚಿತ್ರವನ್ನೂ ಉಳಿಸಿಕೊಟ್ಟಂತಾಯಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

● ಅಚ್ಯುತ್ ಕುಮಾರ್, ಮಂಡ್ಯ ರಮೇಶ್, ಸತೀಶ್ ನೀನಾಸಂ, ಅರುಣ್ ಸಾಗರ್: ನಾಲ್ವರೂ ಹೆಗ್ಗೋಡಿನ ಗರಡಿಯಲ್ಲಿ ಪಳಗಿದವರು. ಒಬ್ಬರ ಹೆಸರಿನಲ್ಲಿ ಶಾಲೆಯಿದೆ, ಇನ್ನಿಬ್ಬರ ಹೆಸರಿನಲ್ಲಿ ಊರಿದೆ. ‘ಗಾಳಿಪಟ’ದ ದಿಗಂತ್ ಕೂಡ ಸಾಗರದವರೇ.

● ‘ಮಾಲ್ಗುಡಿ’ ಎಲ್ಲಿದೆ? ಆರ್.ಕೆ. ನಾರಾಯಣ್ ಕಲ್ಪನೆಯಲ್ಲಿ ಇದ್ದ ಊರನ್ನು 1986ರಲ್ಲಿ ‘ಮಾಲ್ಗುಡಿ ಡೇಸ್’ ಟಿವಿ ಧಾರಾವಾಹಿಗಾಗಿ ಶಂಕರ್‌ನಾಗ್ ನಮ್ಮ ಕಡೆ ತಂದು ನಿಲ್ಲಿಸಿದರು. ಊರು, ಬೀದಿ, ಮನೆ ಎಲ್ಲ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ರೈಲು ನಿಲ್ದಾಣ ಹೊಸನಗರ ತಾಲ್ಲೂಕಿನ ಅರಸಾಳು, ನಮ್ಮ ತಾಳಗುಪ್ಪ ಮಾರ್ಗದಲ್ಲೇ. ಆಗ ಅದು ಮೀಟರ್ ಗೇಜ್ ಹಳಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣರದು. ಸ್ವಾಮಿಯ ಕಾದಂಬರಿ ಮುಗಿಯುವುದೇ ನಿಲ್ದಾಣದಲ್ಲಿ: ಜೀವದ ಗೆಳೆಯ ರಾಜಂ ರೈಲು ಹತ್ತಿ ಹೋಗುತ್ತಾನೆ, ಸ್ವಾಮಿ ಪುಸ್ತಕವೊಂದನ್ನು ಅವನಿಗೆ ತಲುಪಿಸಲು ಒದ್ದಾಡುತ್ತಾನೆ. ಅರಸಾಳಿನ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ‘ಮಾಲ್ಗುಡಿ’ ಮ್ಯೂಸಿಯಂ ಮಾಡಿದರು. ಪಕ್ಕದಲ್ಲಿ ಮೀಟರ್ ಗೇಜ್ ಕಾಲದ ಒಂದು ಬೋಗಿಯಿದೆ, ಅದರಲ್ಲಿ ಚಹಾ ಸಿಗುವ ವ್ಯವಸ್ಥೆ ಮಾಡಿದರು. ಕಾಡಿನ ನಡುವಿನ ಆ ನಿಲ್ದಾಣದಲ್ಲಿ ಒಮ್ಮೆ ಇಳಿದು ನೋಡಿ; ತೆರೆಯ ಮೇಲೆ ಕಂಡ ನಿಲ್ದಾಣವೇ ಎದುರಿಗಿರುತ್ತದೆ.

● ‘ಮಾಲ್ಗುಡಿ ಎಕ್ಸ್‌ಪ್ರೆಸ್’ ಎಂಬ ರೈಲು ಅರಸಾಳಿಗೆ ಬರುವುದಿಲ್ಲ! ಅದು ಮೈಸೂರು ಮತ್ತು ಯಲಹಂಕದ ನಡುವಿನ ರೈಲಿನ ಹೆಸರು. ತಾಳಗುಪ್ಪಕ್ಕೆ ಬರುವ ಸಾಹಿತ್ಯದ ರೈಲು ಬೇರೆ, ಮೈಸೂರಿನಿಂದ ಹೊರಡುವ ಕುವೆಂಪು ಎಕ್ಸ್‌ಪ್ರೆಸ್.

● ಮಾತಿಲ್ಲದೆ ಬರೀ ಗುನುಗಿನಲ್ಲಿ ಸಾಗುವ ‘ಮಾಲ್ಗುಡಿ ಡೇಸ್’ ಶೀರ್ಷಿಕೆ ಸಂಗೀತ ಎಲ್. ವೈದ್ಯನಾಥನ್ ಅವರದು. ಪಿಟೀಲಿನ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಅಣ್ಣ. ಅದೇ 1986ರಲ್ಲಿ ಬಂದ ‘ತಬರನ ಕಥೆ’ಗೂ ಅವರದೇ ಸಂಗೀತ. ಒಂದೇ ಮಲೆನಾಡು: ಅಲ್ಲಿ ಶಾಲೆ ತಪ್ಪಿಸುವ ಹುಡುಗನ ನಗು, ಇಲ್ಲಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನ ಸಂಕಟ. ತಬರನಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ ಚಾರುಹಾಸನ್, ಕಮಲಹಾಸನ್ ಅವರ ಅಣ್ಣ.

● ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಹೊಸನಗರ ತಾಲ್ಲೂಕಿನ ನಗರದವರು. ಶಿವಮೊಗ್ಗ ಸುಬ್ಬಣ್ಣ! ಚಂದ್ರಶೇಖರ ಕಂಬಾರರು ತಾವೇ ಬರೆದು, ರಾಗ ಹಾಕಿ, ನಿರ್ದೇಶಿಸಿದ ‘ಕಾಡುಕುದುರೆ’ ಚಿತ್ರದ ಶೀರ್ಷಿಕೆ ಗೀತೆಗೆ ಆ ಗೌರವ. ವೃತ್ತಿಯಲ್ಲಿ ಸುಬ್ಬಣ್ಣ ವಕೀಲರು. ಆ ಹಾಡಿನಲ್ಲಿ ನಯ ನಾಜೂಕು ಹುಡುಕಬೇಡಿ. ದನಿ ಗಂಟಲಿನಿಂದ ಬರುವುದಿಲ್ಲ, ಹೊಟ್ಟೆಯ ಆಳದಿಂದ ಎದ್ದು ಬರುತ್ತದೆ. ತಾಳ ಏರಿದಂತೆ ಅದೂ ಏರುತ್ತದೆ, ಎಲ್ಲೂ ಉಸಿರು ಸೋತದ್ದು ಕಾಣುವುದಿಲ್ಲ. ಭಾವಗೀತೆಯವರು ಎಂದು ಅವರನ್ನು ಒಂದು ಮೂಲೆಯಲ್ಲಿ ಕೂರಿಸಿ, ಚಿತ್ರರಂಗ ಇನ್ನಷ್ಟು ಹಾಡಿಸದೆ ಹೋಯಿತಲ್ಲ ಎಂಬ ಕೊರಗು ನನಗಿದೆ. 2022ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

● ಸಿನಿಮಾ ಹಾಡುಗಳು ನಮಗೆ ತಲುಪಿದ್ದು ತೆರೆಗಿಂತ ಹೆಚ್ಚಾಗಿ ರೇಡಿಯೊದಿಂದ. ಆಕಾಶವಾಣಿ ಭದ್ರಾವತಿ ಶುರುವಾಗಿದ್ದು 1965ರಲ್ಲಿ, ಮುಳ್ಳು ನಿಲ್ಲಿಸುತ್ತಿದ್ದ ಜಾಗ 675 ಕಿಲೋಹರ್ಟ್ಸ್. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂತವರ ನಡುವೆ ಒಂದು ರೇಡಿಯೊ ಇರಲೇಬೇಕು. ಮೆಟ್ಟುಗತ್ತಿಗೆ ಕಾಯಿ ತಾಗಿ ಸಿಪ್ಪೆ ಬಿಡುವ ಸದ್ದು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು, ಮೇಲಿಂದ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ಇಷ್ಟದ ಹಾಡು ಬಂದರೆ ಯಾರೋ ಒಬ್ಬರು ‘ಸ್ವಲ್ಪ ದೊಡ್ಡ ಮಾಡೋ’ ಎನ್ನುತ್ತಾರೆ, ಕೈ ಮಾತ್ರ ನಿಲ್ಲುವುದಿಲ್ಲ. ಚಿತ್ರವನ್ನೇ ನೋಡದೆ ಅದರ ಎಲ್ಲ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ.

● ಕುವೆಂಪು ಚಿತ್ರಗೀತೆ ಬರೆಯಲು ಕೂತವರಲ್ಲ, ಚಿತ್ರರಂಗವೇ ಅವರ ಕವಿತೆಯ ಬಾಗಿಲಿಗೆ ಬಂತು. ದೋಣಿಯನ್ನು ಮುಂದಕ್ಕೆ ಹುರಿದುಂಬಿಸುವ ಅವರ ಪ್ರಸಿದ್ಧ ಗೀತೆ 1965ರ ‘ಮಿಸ್ ಲೀಲಾವತಿ’ಯಲ್ಲಿ ಬಂತು, ಸಂಗೀತ ಆರ್. ಸುದರ್ಶನಂ. ಅತಿಥಿಯನ್ನು ಮನೆಯೊಳಗೆ ಕರೆಯುವ ಕವಿತೆಗೆ 1982ರ ‘ಹೊಸಬೆಳಕು’ ಚಿತ್ರದಲ್ಲಿ ಎಂ. ರಂಗರಾವ್ ರಾಗ ಹಾಕಿದರು. ಎರಡರಲ್ಲಿ ನನ್ನ ಓಟು ಎರಡನೆಯದಕ್ಕೆ. ಕುವೆಂಪು ಕವಿತೆಯ ಒಳಗಿನ ಶಾಂತಿಯನ್ನು ಕದಡದೆ ವಾದ್ಯಗಳನ್ನು ಹಿಂದೆ ಸರಿಸಿ ನಿಲ್ಲಿಸಿದ್ದಾರೆ ರಂಗರಾವ್.

● ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಕಾದಂಬರಿ ಪ್ರಕಟವಾಗಿದ್ದು 1936ರಲ್ಲಿ, ಗಿರೀಶ ಕಾರ್ನಾಡರು ಅದನ್ನು ಚಿತ್ರ ಮಾಡಿದ್ದು 1999ರಲ್ಲಿ. ನಡುವೆ ಅರವತ್ತು ವರ್ಷ ದಾಟಿತ್ತು. ಸಂಗೀತ ಮತ್ತೆ ಬಿ.ವಿ. ಕಾರಂತರದು, ಹೆಗ್ಗಡಿತಿಯಾಗಿ ತಾರಾ.

● ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದದ್ದು ಗೊತ್ತಿರುತ್ತದೆ. ಅದೇ ಕತೆ 1981ರಲ್ಲಿ ‘ಆಹಿಸ್ತಾ ಆಹಿಸ್ತಾ’ ಎಂದು ಹಿಂದಿಗೆ ಹೋಗಿ, ಖಯ್ಯಾಮ್ ಸಂಗೀತ ಪಡೆಯಿತು ಎನ್ನುವುದು ಎಷ್ಟು ಜನಕ್ಕೆ ಗೊತ್ತು? ಕಲ್ಪನಾ ನಟಿಸಿದ ಕನ್ನಡದ ಚಿತ್ರವೇ ನನಗೆ ದೊಡ್ಡದು. ವಿಜಯಭಾಸ್ಕರ್ ಅವರ ಸಂಗೀತ ಅದರ ನಾಯಕಿಯ ಆಸೆಯ ಜೊತೆಗೇ ನಡೆಯುತ್ತದೆ. ಇಂದಿರಾ ಅವರ ಇನ್ನೊಂದು ಕಾದಂಬರಿ ‘ಫಣಿಯಮ್ಮ’. ಬಾಲವಿಧವೆಯಾಗಿ, ಬೇಡಲೂ ಬಯ್ಯಲೂ ಹೋಗದೆ, ಕೊನೆಗೆ ಎಲ್ಲರಿಗಿಂತ ಎತ್ತರಕ್ಕೆ ಬೆಳೆದ ಹೆಂಗಸಿನ ಕತೆ. ಪ್ರೇಮಾ ಕಾರಂತರು ನಿರ್ದೇಶಿಸಿದರು, ಎಲ್.ವಿ. ಶಾರದಾ ಫಣಿಯಮ್ಮನಾದರು.

● ಜೋಗ ಬಿಟ್ಟು ನಮ್ಮ ಕಡೆಯ ಸಿನಿಮಾ ಮಾತೇ ಇಲ್ಲ. ಸಾಯುವ ಮುಂಚೆ ಒಮ್ಮೆ ಜೋಗ ನೋಡು ಎಂದು ಹೇಳುವ ಹಾಡನ್ನು ನಾಡೆಲ್ಲ ರಾಜಕುಮಾರರ ಹಾಡು ಎಂದೇ ಬಲ್ಲದು. ಬರೆದವರು ಮೂಗೂರು ಮಲ್ಲಪ್ಪ. ಅದನ್ನು ಅಣ್ಣಾವ್ರು ಹಾಡಿದ್ದು 1992ರ ‘ಜೀವನ ಚೈತ್ರ’ದಲ್ಲಿ, ಉಪೇಂದ್ರ ಕುಮಾರ್ ಸಂಗೀತದಲ್ಲಿ. 1989ರ ‘ಪರಶುರಾಮ್’ ಆದಮೇಲೆ ಮೂರು ವರ್ಷ ಬಿಟ್ಟು ಅವರು ತೆರೆಗೆ ಮರಳಿದ ಚಿತ್ರ ಅದು. ಅದರಲ್ಲೇ ಇರುವ, ನಾದದ ಮಹಿಮೆ ಹೇಳುವ ಶಾಸ್ತ್ರೀಯ ಗೀತೆಗೆ ಅವರಿಗೆ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ನಟನೆಗೆ ಬಾರದ ರಾಷ್ಟ್ರಪ್ರಶಸ್ತಿ ಹಾಡಿಗೆ ಬಂತು!

● 253 ಮೀಟರ್ ಎತ್ತರದಿಂದ ಬೀಳುವ ಜೋಗದ ನೀರನ್ನು ಇನ್ನೊಂದು ತಲೆಮಾರಿಗೆ ತೋರಿಸಿದ್ದು 2006ರ ಡಿಸೆಂಬರ್ 29ರಂದು ತೆರೆಕಂಡ ‘ಮುಂಗಾರು ಮಳೆ’. ಛಾಯಾಗ್ರಾಹಕ ಎಸ್. ಕೃಷ್ಣ ಜಲಪಾತದ ನೆತ್ತಿಯ ಬಂಡೆಗಳನ್ನು ಮೇಲಿನಿಂದ ಹಿಡಿದರು. ದಡದಲ್ಲಿ ನಿಂತು ನೋಡಿ ಬೆಳೆದ ನಮಗೂ ಆ ನೋಟ ಹೊಸದು. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ, ಅದರ ಹೆಸರಾಂತ ಪ್ರೇಮಗೀತೆ ಬರೆದ ಜಯಂತ ಕಾಯ್ಕಿಣಿ ಘಟ್ಟದ ಕೆಳಗಿನ ಗೋಕರ್ಣದವರು. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಈ ಚಿತ್ರ ವರ್ಷಕ್ಕೂ ಮೀರಿ ಓಡಿತು. ಮಳೆಗಾಲದ ಶನಿವಾರ, ಭಾನುವಾರ ತಾಳಗುಪ್ಪದ ರಸ್ತೆಯಲ್ಲಿ ಜೋಗಕ್ಕೆ ಹೋಗುವ ಕಾರುಗಳ ಸಾಲಿನಲ್ಲಿ ಈ ಚಿತ್ರದ ಪಾಲೂ ಇದೆ ಎಂದೇ ನನ್ನ ನಂಬಿಕೆ.

● ಜೋಗದ ಮೇಲ್ಗಡೆಯ ಕತೆ ಬೇರೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಬಂತು, ಊರುಗಳು ಮುಳುಗಿದವು. ಆ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು ಎಲ್ಲವನ್ನೂ ಕಣ್ಣಾರೆ ಕಂಡವರು ನಾ. ಡಿಸೋಜ. ಅವರ ‘ದ್ವೀಪ’ವನ್ನು ಕಾಸರವಳ್ಳಿ ಚಿತ್ರ ಮಾಡಿದಾಗ ಹಣ ಹೂಡಿದ್ದು ನಾಯಕಿ ಸೌಂದರ್ಯಾ. ನಾಲ್ಕು ಭಾಷೆಗಳಲ್ಲಿ ಬಿಡುವಿಲ್ಲದ ತಾರೆ, ಮೇಕಪ್ ಇಲ್ಲದೆ, ಒದ್ದೆ ಸೀರೆಯ ನಾಗಿಯಾಗಿ ನಿಂತರು. ಸುತ್ತ ನೀರು ಏರುತ್ತಿದೆ, ಮಾವ ಗುಡ್ಡ ಬಿಟ್ಟು ಬರಲೊಲ್ಲ, ಗಂಡನಿಗೆ ಕೈಕಾಲು ಆಡುವುದಿಲ್ಲ. ಮನೆ, ಮಣ್ಣು ಉಳಿಸಿಕೊಳ್ಳಲು ಹೆಣಗುವವಳು ಅವಳು. ಎಲ್ಲ ಮುಗಿದ ಮೇಲೆ ಶ್ರೇಯಸ್ಸು ಅವಳಿಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಸೌಂದರ್ಯಾ ಮುಖ ನೋಡಿ. ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಎಚ್.ಎಂ. ರಾಮಚಂದ್ರ ಮಳೆಯನ್ನು ಹಿಡಿದ ರೀತಿಯನ್ನು ಮಲೆನಾಡಿನವರೇ ಸರಿಯಾಗಿ ಮೆಚ್ಚಬಲ್ಲರು: ಹನಿಯ ಸೊಬಗು ಅಲ್ಲ, ದಿನಗಟ್ಟಲೆ ಹೊಡೆಯುವ ಮಳೆಯ ಬೂದು ಬೆಳಕು. ಸೌಂದರ್ಯಾ 2004ರಲ್ಲಿ ವಿಮಾನ ದುರಂತದಲ್ಲಿ ಹೋದರು, ಡಿಸೋಜ 2025ರ ಜನವರಿಯಲ್ಲಿ. ಅದೇ ವರ್ಷದ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಸಿಗಂದೂರು ಸೇತುವೆ ಬಂತು. ಲಾಂಚಿಗೆ ಕಾದು ಕೂತೇ ಬದುಕು ಕಳೆದ ಜನಕ್ಕೆ ‘ದ್ವೀಪ’ ಯಾರದೋ ಕತೆಯಲ್ಲ.

● ಡಿಸೋಜರ ‘ಕಾಡಿನ ಬೆಂಕಿ’ಯನ್ನು ಸುರೇಶ್ ಹೆಬ್ಳೀಕರ್ ಚಿತ್ರ ಮಾಡಿದರು. ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು.

● ಶಂಕರ್‌ನಾಗ್ ಹುಟ್ಟೂರು ಹೊನ್ನಾವರದ ಹತ್ತಿರದ ಮಲ್ಲಾಪುರ. ಶರಾವತಿ ಕಡಲು ಸೇರುವುದೂ ಹೊನ್ನಾವರದಲ್ಲೇ.

● ಸಿನಿಮಾ ಹುಚ್ಚಿನವರ ಬಗ್ಗೆಯೇ ಒಂದು ಕನ್ನಡ ಚಿತ್ರವಿದೆ, ಅದೂ ಕಾಸರವಳ್ಳಿಯವರದು. 2008ರ ‘ಗುಲಾಬಿ ಟಾಕೀಸು’. ವೈದೇಹಿಯವರ ಮೂಲ ಕತೆಯಲ್ಲಿ ಊರಿಗೆ ಬರುವುದು ಚಿತ್ರಮಂದಿರ. ಚಿತ್ರದಲ್ಲಿ ಅದು ಡಿಶ್ ಆಂಟೆನಾದ ಟಿವಿ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಮನೆಯವರು ಅವಳಿಗೆ ಟಿವಿ ಕೊಡುತ್ತಾರೆ, ಕೇರಿಯ ಹೆಂಗಸರೆಲ್ಲ ಅವಳ ಮನೆ ಸೇರುತ್ತಾರೆ. ಅದೇ ಹೊತ್ತಿಗೆ ಕಾರ್ಗಿಲ್ ಯುದ್ಧ, ಮತದ ಹೆಸರಿನ ಒಡಕು. ಉಮಾಶ್ರೀಯವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಇದು. ತೆರೆಯ ಬೆಳಕು ಮುಖದ ಮೇಲೆ ಬಿದ್ದಾಗ ಗುಲಾಬಿ ಎಲ್ಲವನ್ನೂ ಮರೆತು ನೋಡುತ್ತಾಳಲ್ಲ, ಆ ಒಂದು ನೋಟಕ್ಕಾಗಿ ನನ್ನ ಪಟ್ಟಿಯಲ್ಲಿ ‘ಘಟಶ್ರಾದ್ಧ’, ‘ದ್ವೀಪ’ಗಳ ಜೊತೆಗೇ ಇದಕ್ಕೂ ಜಾಗ.